ಬೆರಳ ತುದಿಯಿಂದ ಹೊರಟ ಹಾರಾಟ

1871ರಲ್ಲಿ ಪ್ಯಾರಿಸ್‌ನಲ್ಲಿ ಆಲ್ಫೋನ್ಸ್ ಪೆನೋ ಒಂದು ಪುಟ್ಟ ಮಾದರಿ ವಿಮಾನವನ್ನು ಹಾರಿಸಿ ತೋರಿಸಿದ. ಅದಕ್ಕೆ ಎಂಜಿನ್ ಇರಲಿಲ್ಲ. ಪ್ರೊಪೆಲರನ್ನು ಬೆರಳಿನಿಂದ ಸುತ್ತಿ ರಬ್ಬರಿಗೆ ಹುರಿ ಏರಿಸುವುದು, ಆಮೇಲೆ ಕೈಬಿಡುವುದು, ಅಷ್ಟೇ. ಹುರಿ ಬಿಚ್ಚಿಕೊಳ್ಳುವಷ್ಟು ಹೊತ್ತು ಹಾರಾಟ. ಸುಮಾರು ಅರವತ್ತು ವರ್ಷ ಮಾದರಿ ವಿಮಾನಗಳ ಲೋಕದಲ್ಲಿ ರಬ್ಬರಿನದೇ ಕಾರುಬಾರು.

1930ರ ದಶಕದ ಆರಂಭದಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಯುವಕ ವಿಲಿಯಂ ಬ್ರೌನ್ ಅಂಗೈಯಲ್ಲಿ ಹಿಡಿಸುವ ಪೆಟ್ರೋಲ್ ಎಂಜಿನ್ ತಯಾರಿಸಿದ. ಅದೇ ಊರಿನ ಮ್ಯಾಕ್ಸ್‌ವೆಲ್ ಬ್ಯಾಸೆಟ್ 1933ರ ರಾಷ್ಟ್ರೀಯ ಸ್ಪರ್ಧೆಯಲ್ಲಿ ಆ ಎಂಜಿನ್ನಿನ ಬಲದಿಂದ ರಬ್ಬರ್ ಮಾದರಿಗಳನ್ನೆಲ್ಲ ಹಿಂದೆ ಹಾಕಿದ. ಎಂಜಿನ್ ಇರುವ ವಿಮಾನಗಳಿಗೆ ಪ್ರತ್ಯೇಕ ವಿಭಾಗವನ್ನೇ ಮಾಡಬೇಕಾಯಿತು. ಆದರೆ ಬೆರಳಿನ ಕೆಲಸ ಮಾತ್ರ ಹೋಗಲಿಲ್ಲ. ಎಂಜಿನ್ ಚಾಲೂ ಮಾಡಲು ಪ್ರೊಪೆಲರನ್ನು ಬೆರಳಿನಿಂದಲೇ ಚಿಮ್ಮಬೇಕಿತ್ತು. ಆಟಕ್ಕೆ ಅಪಾಯ ಸೇರಿಕೊಂಡದ್ದು ಇಲ್ಲಿಯೇ.

ಪಿಸ್ಟನ್ ಮೇಲಕ್ಕೆ ತಲುಪುವ ಮೊದಲೇ ಇಂಧನ ಹೊತ್ತಿಕೊಂಡರೆ ಎಂಜಿನ್ ಹಿಮ್ಮುಖವಾಗಿ ಒದೆಯುತ್ತದೆ. ಆಗ ಪ್ರೊಪೆಲರಿನ ಅಲಗು ಚಿಮ್ಮಿದ ಬೆರಳಿಗೇ ಬಂದು ಬಡಿಯುತ್ತದೆ. ಇನ್ನೊಂದು ಅಪಾಯ ಕಣ್ಣಿಗೆ ಕಾಣುವುದಿಲ್ಲ. ಎದುರಿನಿಂದ ನೋಡಿದರೆ ಇಂಥ ಎಂಜಿನ್ ಸಾಮಾನ್ಯವಾಗಿ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ತಿರುಗುತ್ತದೆ. ಪ್ರೊಪೆಲರನ್ನು ಹಿಡಿದಿಟ್ಟ ನಟ್ ಬಿಗಿಯಾಗುವುದು ಬಲಕ್ಕೆ. ಎಂಜಿನ್ ಓಡುವಾಗ ಗಾಳಿಯ ತಡೆ ಪ್ರೊಪೆಲರನ್ನು ನಟ್ ಬಿಗಿಯಾಗುವ ದಿಕ್ಕಿಗೇ ಒತ್ತುತ್ತದೆ. ಆದರೆ ಎಂಜಿನ್ ಹಿಮ್ಮುಖವಾಗಿ ಒದ್ದಾಗ ದಂಡ ತಟ್ಟನೆ ನಿಲ್ಲುತ್ತದೆ, ಪ್ರೊಪೆಲರ್ ಮಾತ್ರ ತನ್ನ ವೇಗದಲ್ಲೇ ಮುಂದುವರಿಯುತ್ತದೆ. ಆ ಎಳೆತಕ್ಕೆ ನಟ್ ಸಡಿಲಗೊಂಡು ಪ್ರೊಪೆಲರ್ ಕಳಚಿ ಹಾರಬಹುದು.

ಇದಕ್ಕಾಗಿಯೇ ಪ್ರೊಪೆಲರಿನ ಬೆನ್ನಿಗೆ ಗೀರುಗಳಿರುವ ಬಿಲ್ಲೆ, ಮುಂದೆ ದಪ್ಪ ವಾಷರ್, ಅದರ ಮೇಲೆ ನಟ್ ಎಂಬ ಜೋಡಣೆ ಬಂತು. ಒದೆತ ಹೆಚ್ಚಿರುವ ಎಂಜಿನ್ನುಗಳಿಗೆ ಒಂದರ ಮೇಲೊಂದು ಎರಡು ನಟ್ ಹಾಕುತ್ತಾರೆ. ಮರದ ಪ್ರೊಪೆಲರ್ ಆದರೆ ಒತ್ತಡಕ್ಕೂ ಹವೆಗೂ ಮರ ಕುಗ್ಗುವುದರಿಂದ ಹಾರಾಟಕ್ಕೆ ಮೊದಲು ನಟ್ಟನ್ನು ಮತ್ತೆ ಬಿಗಿ ಮಾಡಲೇಬೇಕು. ಇಷ್ಟೊಂದು ಎಚ್ಚರ ಏಕೆಂಬುದನ್ನು ಒಂದು ಸಣ್ಣ ಲೆಕ್ಕ ಹೇಳುತ್ತದೆ. ಹತ್ತು ಅಂಗುಲದ ಪ್ರೊಪೆಲರ್ ನಿಮಿಷಕ್ಕೆ 12,000 ಸುತ್ತು ಸುತ್ತಿದರೆ ಅದರ ತುದಿಯ ವೇಗ ಗಂಟೆಗೆ ಸುಮಾರು 575 ಕಿಲೋಮೀಟರ್.

1937ರಲ್ಲಿ ಅಮೆರಿಕದ ಗುಡ್ ಸೋದರರಾದ ವಾಲ್ಟರ್ ಮತ್ತು ವಿಲಿಯಂ ತಮ್ಮ 'ಗಫ್' ವಿಮಾನವನ್ನು ರೇಡಿಯೊ ಮೂಲಕ ನಿಯಂತ್ರಿಸಿದರು. ಅದು ಈಗ ಸ್ಮಿತ್‌ಸೋನಿಯನ್ ವಸ್ತುಸಂಗ್ರಹಾಲಯದ ಸ್ವತ್ತು. 1947ರಲ್ಲಿ ರೇ ಆರ್ಡೆನ್ ಮಾರುಕಟ್ಟೆಗೆ ತಂದ ಗ್ಲೋ ಪ್ಲಗ್ ಕಾಯಿಲ್ಲು, ಬ್ಯಾಟರಿಗಳ ಭಾರವನ್ನು ವಿಮಾನದಿಂದ ಇಳಿಸಿತು. ನೆಲದ ಮೇಲಿನ ಒಂದೂವರೆ ವೋಲ್ಟ್ ಬ್ಯಾಟರಿಯಿಂದ ಪ್ಲಾಟಿನಂ ತಂತಿಯನ್ನು ಕೆಂಪಗೆ ಕಾಯಿಸಿ ಪ್ರೊಪೆಲರ್ ಚಿಮ್ಮಿದರೆ ಆಯಿತು. ಬಳಿಕ ಮೆಥನಾಲ್ ಉರಿಯೇ ತಂತಿಯ ಕಾವನ್ನು ಕಾಯುತ್ತದೆ. ಇಂಧನಕ್ಕೆ ಬೆರೆಸುತ್ತಿದ್ದದ್ದು ನಮ್ಮ ಅಜ್ಜಿಯರು ತಲೆಗೆ ತಟ್ಟುತ್ತಿದ್ದ ಹರಳೆಣ್ಣೆ! ಎನ್‌ಸಿಸಿ ವಾಯುದಳದ ಕೆಡೆಟ್ಟುಗಳಾಗಿ ಮಾದರಿ ವಿಮಾನ ಹಾರಿಸಿದ ಅನೇಕರಿಗೆ ಆ ವಾಸನೆ ಇಂದಿಗೂ ನೆನಪಿದ್ದೀತು.

ಬೆರಳು ಉಳಿಸಿಕೊಳ್ಳಲು ರಬ್ಬರ್ ಕೊಳವೆ ತೊಡಿಸಿದ ಕೋಲು ಬಂತು. ಅದಕ್ಕೆ ಹುಡುಗರು ಇಟ್ಟ ಹೆಸರು 'ಪುಕ್ಕಲರ ಕೋಲು'. ಅದನ್ನು ಹಿಡಿಯಲು ನಾಚಿದವರು ಬೆರಳಿಗೆ ಹೊಲಿಗೆ ಹಾಕಿಸಿಕೊಂಡದ್ದೂ ಉಂಟು. ಆಮೇಲೆ ಮುಂದಿನ ತುದಿಗೆ ರಬ್ಬರ್ ಬಟ್ಟಲು ಒತ್ತಿ ತಿರುಗಿಸುವ ವಿದ್ಯುತ್ ಸ್ಟಾರ್ಟರ್ ಬಂತು.

ಈಗ ಅನೇಕ ಮಾದರಿಗಳಲ್ಲಿ ಎಂಜಿನ್ ಇಲ್ಲ. ಲಿಥಿಯಂ ಬ್ಯಾಟರಿಯಿಂದ ಓಡುವ ಮೋಟಾರಿದೆ. ಪ್ರೊಪೆಲರ್ ಚಿಮ್ಮುವ ಕೆಲಸ ತಪ್ಪಿತು, ಅಪಾಯ ತಪ್ಪಲಿಲ್ಲ. ಹಳೆಯ ಎಂಜಿನ್ ಏನಾದರೂ ಅಡ್ಡ ಬಂದರೆ ಎಷ್ಟೋ ಸಲ ನಿಂತುಹೋಗುತ್ತಿತ್ತು. ಮೋಟಾರು ಹಾಗಲ್ಲ, ಇನ್ನಷ್ಟು ವಿದ್ಯುತ್ ಎಳೆದುಕೊಂಡು ಮತ್ತೆ ಬಡಿಯುತ್ತದೆ. ಬ್ಯಾಟರಿ ಜೋಡಿಸಿದ ಕ್ಷಣದಿಂದಲೇ ಅದನ್ನು ಓಡುತ್ತಿರುವ ಯಂತ್ರವೆಂದು ತಿಳಿಯಬೇಕು. ನಟ್ ಬಿಗಿ ಇದೆಯೇ ನೋಡುವುದು, ಅಲಗಿನಲ್ಲಿ ಬಿರುಕಿದ್ದರೆ ಎಸೆಯುವುದು, ಪ್ರೊಪೆಲರಿನ ಸುತ್ತಿಗೆ ಎದುರಾಗಿಯೂ ಪಕ್ಕಕ್ಕೂ ಯಾರೂ ನಿಲ್ಲದಂತೆ ನೋಡಿಕೊಳ್ಳುವುದು, ಇವು ಬ್ರೌನನ ಕಾಲದಿಂದ ಇಂದಿನವರೆಗೆ ಬದಲಾಗದ ಪಾಠಗಳು. ಪುಕ್ಕಲರೆಂದು ನಕ್ಕವರಿಗಿಂತ ಕೋಲು ಹಿಡಿದವರೇ ಹತ್ತೂ ಬೆರಳಿನಿಂದ ಹೆಚ್ಚು ಕಾಲ ವಿಮಾನ ಹಾರಿಸಿದರು.