ಬಂದವನೂ ಮರಳಿದವನೂ

ಕ್ರಿ.ಪೂ. 405ರಲ್ಲಿ, ಸ್ಪಾರ್ಟಾದೊಡನೆ ಹೂಡಿದ ದೀರ್ಘಯುದ್ಧದಿಂದ ಅಥೆನ್ಸ್ ನಗರವು ಬಸವಳಿದು ಸೋಲಿನ ಹೊಸ್ತಿಲಲ್ಲಿ ನಿಂತಿದ್ದಾಗ, ಅರಿಸ್ಟೊಫನೀಸನು ತನ್ನ 'ಕಪ್ಪೆಗಳು' ಎಂಬ ಪ್ರಹಸನದಲ್ಲಿ ದಿವಂಗತರಾದ ಈಸ್ಕಿಲಸ್, ಯೂರಿಪಿಡೀಸ್ ಎಂಬ ಇಬ್ಬರು ಮಹಾಕವಿಗಳನ್ನು ಪಾತಾಳಲೋಕದಲ್ಲಿ ಎದುರುಬದುರು ನಿಲ್ಲಿಸಿ, ಎರಡು ಕ್ರಿಯಾಪದಗಳ ಸಲುವಾಗಿ ಜಗಳಕ್ಕೆ ಹಚ್ಚಿದನು. ಈಸ್ಕಿಲಸನ ನಾಟಕವೊಂದರ ಆರಂಭದಲ್ಲಿ, ದೇಶಭ್ರಷ್ಟನಾಗಿ ಬೆಳೆದ ಒರೆಸ್ಟೀಸನು ತಂದೆಯ ಸಮಾಧಿಯೆದುರು ನಿಂತು, ತಾನು ಈ ನಾಡಿಗೆ ಬಂದಿರುವೆನೆಂದೂ ಮರಳಿರುವೆನೆಂದೂ ಒಂದೇ ಉಸಿರಿನಲ್ಲಿ ಹೇಳುತ್ತಾನೆ. ಬಂದುದಕ್ಕೆ ಅವನು ಬಳಸುವ ಗ್ರೀಕ್ ಪದ 'ಹೇಕೋ', ಮರಳಿದುದಕ್ಕೆ 'ಕತೆರ್ಖೊಮಾಯ್'. ಇದು ಶುದ್ಧ ಪುನರುಕ್ತಿಯೆಂದು ಯೂರಿಪಿಡೀಸನು ಮೂದಲಿಸುತ್ತಾನೆ. ನೆರೆಮನೆಯವನನ್ನು ಹಿಟ್ಟು ನಾದುವ ಒಂದೇ ಪಾತ್ರೆಗಾಗಿ ಎರಡು ಹೆಸರಿನಿಂದ ಬೇಡಿದಂತಾಯಿತು ಎಂಬ ಹಾಸ್ಯವೂ ನಡುವೆ ಹಾದುಹೋಗುತ್ತದೆ. ಈಸ್ಕಿಲಸನು ಸೋಲುವವನಲ್ಲ. ನಾಡಿನಲ್ಲಿ ಪಾಲುಳ್ಳವನು ಸುಮ್ಮನೆ ಬರುತ್ತಾನೆ, ಗಡೀಪಾರಾದವನಾದರೋ ಬರುವುದೂ ಉಂಟು, ಮರಳುವುದೂ ಉಂಟು ಎಂದು ಅವನ ಸಮಾಧಾನ. ಹಾಗಿದ್ದರೆ ಒರೆಸ್ಟೀಸನು ಮರಳಲೇ ಇಲ್ಲ, ಅಧಿಕಾರದಲ್ಲಿದ್ದವರನ್ನು ಒಪ್ಪಿಸದೆ ಗುಟ್ಟಾಗಿ ನುಸುಳಿದವನಿಗೆ ಆ ಪದವು ಸಲ್ಲದು ಎಂದು ಯೂರಿಪಿಡೀಸನು ತಿರುಗೇಟು ಕೊಡುತ್ತಾನೆ. ನ್ಯಾಯ ಹೇಳಲು ಕುಳಿತ ಡಯೊನೀಸಸ್ ದೇವತೆಯು ಭೇಷ್ ಎಂದು ತಲೆದೂಗಿ, ಹೇಳಿದ್ದು ಮಾತ್ರ ತನಗೆ ತಿಳಿಯಲಿಲ್ಲವೆಂದು ಒಪ್ಪಿಕೊಳ್ಳುತ್ತಾನೆ.

ದೇವರಿಗೆ ತಿಳಿಯದಿದ್ದರೂ ಪ್ರೇಕ್ಷಕರಿಗೆ ಚೆನ್ನಾಗಿ ತಿಳಿದಿರಬೇಕು. 'ಕತ' ಎಂಬ ಉಪಸರ್ಗಕ್ಕೆ 'ಕೆಳಗೆ' ಎಂದು ಅರ್ಥ. ಹಡಗು ದಡ ಬಿಟ್ಟು ಹೊರಡುವುದನ್ನು ಮೇಲೇರುವುದೆಂದೂ ರೇವಿಗೆ ಸೇರುವುದನ್ನು ಕೆಳಗಿಳಿಯುವುದೆಂದೂ ಭಾವಿಸುತ್ತಿದ್ದ ಆ ಜನರ ಬಾಯಲ್ಲಿ, ಕೆಳಗೆ ಬರುವುದೆಂಬ ಈ ಪದವೇ ಗಡೀಪಾರಾದವನು ಸ್ವದೇಶಕ್ಕೆ ಮರಳುವುದನ್ನು ಹೇಳುವ ರಾಜಕೀಯ ಪರಿಭಾಷೆಯಾಗಿತ್ತು. ಕ್ರಿ.ಪೂ. 415ರಲ್ಲಿ ಪರೋಕ್ಷದಲ್ಲಿಯೇ ಮರಣದಂಡನೆಗೆ ಗುರಿಯಾಗಿ, 407ರಲ್ಲಿ ಮರಳಿ, ಮರುವರ್ಷವೇ ಪುನಃ ದೂರವಾದ ಸೇನಾನಿ ಆಲ್ಸಿಬಯಾಡೀಸನನ್ನು ಏನು ಮಾಡಬೇಕೆಂಬ ಪ್ರಶ್ನೆಯೂ ಇದೇ ಪ್ರಹಸನದ ಕೊನೆಯ ಭಾಗದಲ್ಲಿ ಬರುತ್ತದೆ. ಒರೆಸ್ಟೀಸನ ನೆವದಲ್ಲಿ ನಡೆದ ವ್ಯಾಕರಣದ ಚರ್ಚೆಯನ್ನು ಕೇಳಿ ನಕ್ಕವರಲ್ಲಿ, ಆಲ್ಸಿಬಯಾಡೀಸನ ನೆನಪಾಗದವರು ಬಹಳ ಮಂದಿ ಇದ್ದಿರಲಾರರು.

ಗ್ರೀಕರ ಗಮನಾರ್ಥಕ ಧಾತುಗಳಲ್ಲಿ ಕಾಲದ ಕುಚೋದ್ಯವೂ ಸಾಕಷ್ಟುಂಟು. 'ಹೇಕೋ' ಎಂಬುದು ರೂಪದಲ್ಲಿ ವರ್ತಮಾನ, ಅರ್ಥದಲ್ಲಿ 'ಬಂದಾಗಿದೆ'. ನಮ್ಮ ಸಂಸ್ಕೃತದ 'ಏಮಿ'ಗೆ ಒಡಹುಟ್ಟಿದ 'ಎಯ್ಮಿ' ಎಂಬುದು ಸಹ ರೂಪದಲ್ಲಿ ವರ್ತಮಾನವೇ, ಆದರೆ ಅಥೆನ್ಸಿನ ಗದ್ಯದಲ್ಲಿ ಅದರ ಅರ್ಥ 'ಹೋಗುವೆನು'. ಹೊರಗಿನಿಂದ ಕರೆದವರಿಗೆ ಒಳಮನೆಯಿಂದ 'ಬಂದೆ, ಬಂದೆ' ಎಂದು ಕೂಗಿ, ಕುಳಿತಲ್ಲಿಂದ ಇನ್ನೂ ಏಳದಿರುವ ನಮಗೆ ಇದು ವಿಚಿತ್ರವೆನಿಸಬೇಕಾಗಿಲ್ಲ.

ಇವೆಲ್ಲಕ್ಕಿಂತ ಮನಸ್ಸನ್ನು ಕಲಕುವ ಪದವೆಂದರೆ 'ಒಯ್ಖೊಮಾಯ್'. ಹೊರಟುಹೋಗಿ ಈಗ ಇಲ್ಲಿಲ್ಲ ಎಂಬಷ್ಟನ್ನೇ ಹೇಳುವ ಅದು, ಪಯಣಕ್ಕೆ ಹೋದವನಿಗೂ ಪ್ರಾಣ ಹೋದವನಿಗೂ ಸಮನಾಗಿ ಸಲ್ಲುತ್ತದೆ. ಬಿ. ಎಂ. ಶ್ರೀಕಂಠಯ್ಯನವರು 'ಪಾರಸಿಕರು' ಎಂದು ಕನ್ನಡಕ್ಕೆ ತಂದ, ಕ್ರಿ.ಪೂ. 472ರಲ್ಲಿ ಮೊದಲು ರಂಗವೇರಿದ ಈಸ್ಕಿಲಸನ ನಾಟಕದಲ್ಲಿ, ರಾಜಧಾನಿಯನ್ನು ಕಾಯುತ್ತ ಉಳಿದ ವೃದ್ಧರು ಗ್ರೀಸಿಗೆ ಹೋದ ಸೈನ್ಯವನ್ನು ಮೊದಲ ಮಾತಿನಲ್ಲಿಯೇ ಈ ಪದದಿಂದ ಕರೆಯುತ್ತಾರೆ. ಸಲಾಮಿಸ್ಸಿನ ಸೋಲಿನ ವಾರ್ತೆ ಅವರಿಗಿನ್ನೂ ಮುಟ್ಟಿಲ್ಲ, ಮಾತಿಗೆ ಮಾತ್ರ ಮುಟ್ಟಿದಂತಿದೆ. 'ಮುಂದೆ ಹೋದವನು' ಎಂಬ ಸೌಮ್ಯವಾದ ಅರ್ಥದಿಂದ ಹೊರಟ ನಮ್ಮ 'ಪ್ರೇತ' ಶಬ್ದವೂ ಇದೇ ದಾರಿಯನ್ನು ತುಳಿದುದಾಗಿದೆ.

ನ್ಯಾಯಸ್ಥಾನದಲ್ಲಿಯೂ ಇಂಥವೇ ಧಾತುಗಳ ಆಳ್ವಿಕೆ. ಅಟ್ಟಿಸಿಕೊಂಡು ಹೋಗುವವನು, ಎಂದರೆ 'ದಿಯೋಕೋನ್', ವಾದಿ; ಓಡುವವನು, ಎಂದರೆ 'ಫೆವ್ಗೋನ್', ಪ್ರತಿವಾದಿ; ಆದರೆ ಗಡೀಪಾರಾಗಿ ಬಾಳುವವನಿಗೂ ಇದೇ 'ಫೆವ್ಗೋನ್' ಎಂಬ ಹೆಸರು. ಈ ಎರಡರ್ಥಗಳೂ ಒಬ್ಬನಲ್ಲಿಯೇ ಕೂಡಿಬಂದರೆ ಏನು ಗತಿ? ಅದಕ್ಕೂ ಅಥೆನ್ಸಿನವರು ಪಿರೀಯಸ್ಸಿನ ಸಮೀಪದ ಕಡಲತಡಿಯಲ್ಲಿ, ಫ್ರೆಯಾತ್ತೋ ಎಂಬೆಡೆಯಲ್ಲಿ, ಒಂದು ನ್ಯಾಯಪೀಠವನ್ನು ಕಲ್ಪಿಸಿದ್ದರು. ಅರಿಯದೆ ಮಾಡಿದ ಕೊಲೆಗಾಗಿ ನಾಡು ಬಿಟ್ಟವನ ಮೇಲೆ, ಬುದ್ಧಿಪೂರ್ವಕವಾಗಿ ಮತ್ತೊಂದು ಕೊಲೆ ಮಾಡಿದನೆಂಬ ಆಪಾದನೆ ಬಂದರೆ, ಅವನು ಉತ್ತರ ಕೊಡಲು ಬರಬೇಕು, ಆದರೆ ನೆಲವನ್ನು ತುಳಿಯಕೂಡದು. ಆದುದರಿಂದ ಅವನು ದೋಣಿಯಲ್ಲಿ ಬಂದು, ನೀರಿನ ಮೇಲೆಯೇ ನಿಂತು, ದಡದಲ್ಲಿ ಕುಳಿತ ನ್ಯಾಯಾಧೀಶರ ಕಡೆಗೆ ಮುಖಮಾಡಿ ತನ್ನ ಅಹವಾಲನ್ನು ಹೇಳಿಕೊಳ್ಳುತ್ತಿದ್ದನು. ವಾಗ್ಮಿ ಡೆಮಾಸ್ತನೀಸನು ವಿವರಿಸುವಂತೆ, ಹೊಸ ಆಪಾದನೆಯಿಂದ ಬಿಡುಗಡೆಯಾದರೂ ಹಳೆಯ ಗಡೀಪಾರು ತಪ್ಪುತ್ತಿರಲಿಲ್ಲ. ನಿರಪರಾಧಿಯೆಂಬ ತೀರ್ಪನ್ನು ದಡದಿಂದ ಕೇಳಿಸಿಕೊಂಡು, ಅವನು ಬಂದ ದೋಣಿಯಲ್ಲಿಯೇ ಹಿಂದಕ್ಕೆ ಹೋಗಬೇಕಾಗಿತ್ತು.