ಸಮುದ್ರ ಇಲ್ಲದ ದೇಶದಲ್ಲೂ ಸ್ಕೂಬಾ ಡೈವಿಂಗ್: ಸರೋವರ, ಗುಹೆಗೆ ಇಳಿಯೋದು ಹೇಗೆ? ಅಪಾಯ ಎಲ್ಲಿದೆ?

ಸ್ಕೂಬಾ ಡೈವಿಂಗ್ ಅಂದ ಕೂಡಲೇ ನಮ್ಮ ಕಡೆಯವರಿಗೆ ನೆನಪಾಗೋದು ಮುರುಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪ. ಆದರೆ ಯುರೋಪಿನ ಹಂಗೇರಿ, ಜೆಕ್ ಗಣರಾಜ್ಯ, ಆಸ್ಟ್ರಿಯಾ ದೇಶಗಳಿಗೆ ಕರಾವಳಿಯೇ ಇಲ್ಲ. ಅಲ್ಲಿನವರು ಸ್ಕೂಬಾಕ್ಕೆ ಇಳಿಯೋದು ಸರೋವರ, ನೀರು ತುಂಬಿದ ಗುಹೆ ಮತ್ತು ಹಳೇ ಕಲ್ಲುಗಣಿಗಳಿಗೆ. ಅಲೆ ಇಲ್ಲ, ಉಪ್ಪಿಲ್ಲ, ನೋಡೋಕೆ ಶಾಂತ. ಹಾಗಂತ ಸುಲಭ ಅಂದುಕೊಳ್ಳುವಂತಿಲ್ಲ.

ಪ್ರಮುಖ ತಾಣಗಳು ಯಾವುವು?

ಹಂಗೇರಿ: ರಾಜಧಾನಿ ಬುಡಾಪೆಸ್ಟ್ ನಗರದ ಕೆಳಗೇ ಮೋಲ್ನಾರ್ ಯಾನೋಶ್ ಎಂಬ ಗುಹೆ ಇದೆ. ಭೂಮಿಯ ಆಳದಿಂದ ಬರುವ ಬಿಸಿನೀರು ಸುಣ್ಣಕಲ್ಲನ್ನು ಕರಗಿಸಿ ಮಾಡಿದ ಗುಹೆ ಇದು. ಈವರೆಗೆ 5 ಕಿ.ಮೀ.ಗೂ ಹೆಚ್ಚು ದಾರಿಯ ನಕ್ಷೆ ಆಗಿದೆ. ಗುಹಾ ಡೈವಿಂಗ್ ತರಬೇತಿ ಇಲ್ಲದವರಿಗೆ ಪ್ರವೇಶವಿಲ್ಲ.

ಜೆಕ್ ಗಣರಾಜ್ಯ: ಮೊರಾವಿಯಾ ಪ್ರಾಂತ್ಯದ ಹ್ರಾನಿತ್ಸೆ ಕಂದಕದಲ್ಲಿ 2016ರಲ್ಲಿ ಪೋಲೆಂಡಿನ ಡೈವರ್ ಕ್ಶಿಶ್ಟೋಫ್ ಸ್ಟಾರ್ನಾವ್ಸ್ಕಿ ನೇತೃತ್ವದ ತಂಡ ನೀರೊಳಗೆ ರೋಬೋಟ್ ಇಳಿಸಿತು. ಅದು 404 ಮೀಟರ್ ಆಳ ಮುಟ್ಟಿದರೂ ತಳ ಸಿಗಲಿಲ್ಲ. ನೀರು ತುಂಬಿದ ಗುಹೆಗಳಲ್ಲಿ ಅತ್ಯಂತ ಆಳದ್ದು ಎಂಬ ಹೆಸರು ಇದಕ್ಕೆ ಬಂತು.

ಆಸ್ಟ್ರಿಯಾ: ಸ್ಟೈರಿಯಾ ಪ್ರಾಂತ್ಯದ ಗ್ರ್ಯೂನರ್ ಸರೋವರದಲ್ಲಿ ಚಳಿಗಾಲದಲ್ಲಿ ನೀರು ತೀರಾ ಕಡಿಮೆ. ವಸಂತದಲ್ಲಿ ಹಿಮ ಕರಗಿ ನೀರೇರಿದಾಗ ಸುತ್ತಲಿನ ಹುಲ್ಲುಗಾವಲು, ಬೆಂಚು, ಕಾಲುಸೇತುವೆ ಎಲ್ಲಾ ಮುಳುಗುತ್ತವೆ. ಅದನ್ನು ನೋಡಲು ಡೈವರ್‌ಗಳು ಮುಗಿಬಿದ್ದರು. ಸರೋವರ ಹಾಳಾಗೋದು ಬೇಡ ಅಂತ 2016ರಿಂದ ಡೈವಿಂಗ್ ನಿಷೇಧಿಸಲಾಗಿದೆ.

ಸಮುದ್ರಕ್ಕೂ ಸಿಹಿನೀರಿಗೂ ಏನು ವ್ಯತ್ಯಾಸ?

* ತೇಲುವಿಕೆ: ಸಿಹಿನೀರು ಸಮುದ್ರದ ನೀರಿಗಿಂತ ಹಗುರ. ಹಾಗಾಗಿ ದೇಹ ಕಡಿಮೆ ತೇಲುತ್ತೆ. ಸಮುದ್ರದಲ್ಲಿ ಕಟ್ಟಿಕೊಳ್ಳುವಷ್ಟೇ ಸೀಸದ ತೂಕ ಕಟ್ಟಿಕೊಂಡರೆ ಬೇಗ ಕೆಳಗೆ ಹೋಗ್ತಾರೆ.
* ಚಳಿ: ಮೇಲೆ ನೀರು ಬೆಚ್ಚಗಿದ್ದರೂ ತಂಪು ದೇಶಗಳ ಆಳ ಸರೋವರದ ತಳದಲ್ಲಿ ಸುಮಾರು 4 ಡಿಗ್ರಿ ಸೆಲ್ಸಿಯಸ್ ಇರುತ್ತೆ. ಆ ಚಳಿಗೆ ಉಸಿರಾಟದ ಉಪಕರಣವೇ ಹೆಪ್ಪುಗಟ್ಟಬಹುದು.
* ಕೆಸರು: ತಳದ ಹೂಳಿಗೆ ಒಮ್ಮೆ ಕಾಲು ತಾಗಿದರೆ ಸಾಕು, ಕ್ಷಣದಲ್ಲಿ ಏನೂ ಕಾಣಲ್ಲ.

ಸಿಲಿಂಡರ್‌ನಲ್ಲಿ ಇರೋದು ಆಮ್ಲಜನಕವಾ?

ಅಲ್ಲ. ಸಾಮಾನ್ಯವಾಗಿ ಒತ್ತಿ ತುಂಬಿದ ಗಾಳಿ ಅಷ್ಟೇ. ಪ್ರತಿ 10 ಮೀಟರ್ ಆಳಕ್ಕೆ ಒತ್ತಡ ಒಂದು ವಾತಾವರಣದಷ್ಟು ಹೆಚ್ಚುತ್ತೆ. ಮೇಲೆ ಒಂದು ಗಂಟೆ ಬರುವ ಗಾಳಿ 10 ಮೀಟರ್ ಆಳದಲ್ಲಿ ಅರ್ಧ ಗಂಟೆ, 30 ಮೀಟರ್‌ನಲ್ಲಿ ಕಾಲು ಗಂಟೆ ಮಾತ್ರ ಬರುತ್ತೆ.

ಗುಹೆ ಯಾಕೆ ಹೆಚ್ಚು ಅಪಾಯ?

ಸರೋವರದಲ್ಲಿ ತೊಂದರೆಯಾದರೆ ನೇರ ಮೇಲಕ್ಕೆ ಬರಬಹುದು. ಗುಹೆಯಲ್ಲಿ ತಲೆ ಮೇಲೆ ಬಂಡೆ. ಹೋದ ದಾರಿಯಲ್ಲೇ ವಾಪಸ್ ಬರಬೇಕು. ಅದಕ್ಕೇ ಬಾಗಿಲಿನಿಂದಲೇ ಹಗ್ಗ ಎಳೆದುಕೊಂಡು ಹೋಗ್ತಾರೆ. ಒಬ್ಬೊಬ್ಬರ ಬಳಿ ಮೂರು ಟಾರ್ಚ್ ಇರಬೇಕು. ಗಾಳಿಯದ್ದು ಮೂರು ಪಾಲಿನ ಲೆಕ್ಕ: ಒಂದು ಪಾಲು ಹೋಗೋಕೆ, ಒಂದು ಬರೋಕೆ, ಇನ್ನೊಂದು ಆಪತ್ತಿಗೆ. ಬಂಕ್ ಇಲ್ಲದ ದಾರಿಗೆ ಬೈಕಿನಲ್ಲಿ ಹೊರಟವರು ಪೆಟ್ರೋಲ್ ಲೆಕ್ಕ ಹಾಕಿದ ಹಾಗೆ.

2018ರಲ್ಲಿ ಥಾಯ್ಲೆಂಡಿನ ಗುಹೆಯಲ್ಲಿ 12 ಹುಡುಗರು ಮತ್ತು ಅವರ ಕೋಚ್ ಸಿಲುಕಿದ್ದು ನೆನಪಿರಬಹುದು. ಎಲ್ಲರೂ ಬದುಕಿ ಬಂದರು. ಆದರೆ ಅವರಿಗಾಗಿ ಗಾಳಿ ಸಿಲಿಂಡರ್ ಇಟ್ಟು ವಾಪಸಾಗುತ್ತಿದ್ದ ನೌಕಾಪಡೆಯ ಮಾಜಿ ಡೈವರ್ ಒಬ್ಬರು ಪ್ರಾಣ ಕಳೆದುಕೊಂಡರು.

ನೇತ್ರಾಣಿಗೆ ಹೋಗೋರು ಗಮನಿಸಿ

ಆಳದಲ್ಲಿ ಉಸಿರಾಡಿದಾಗ ಸಾರಜನಕ ರಕ್ತದಲ್ಲಿ ಕರಗಿರುತ್ತೆ. ಒತ್ತಡ ಬೇಗ ಕಡಿಮೆಯಾದರೆ ಸೋಡಾ ಬಾಟಲಿ ಮುಚ್ಚಳ ತೆಗೆದಂತೆ ಗುಳ್ಳೆಗಳು ಏಳುತ್ತವೆ. ಕೀಲುನೋವಿನಿಂದ ಲಕ್ವದವರೆಗೂ ತೊಂದರೆ ಆಗಬಹುದು. ಎತ್ತರಕ್ಕೆ ಹೋದಂತೆ ಗಾಳಿಯ ಒತ್ತಡವೂ ಕಡಿಮೆ. ಆದ್ದರಿಂದ ಒಂದೇ ಸಲ ಇಳಿದಿದ್ದರೆ ಕನಿಷ್ಠ 12 ಗಂಟೆ, ಹಲವು ಸಲ ಇಳಿದಿದ್ದರೆ 18 ಗಂಟೆ ಬಿಟ್ಟು ವಿಮಾನ ಹತ್ತಬೇಕು ಅನ್ನೋದು ಸಾಮಾನ್ಯ ಸಲಹೆ. ಘಟ್ಟ ಹತ್ತಿ ಎತ್ತರದ ಊರಿಗೆ ಮರಳುವವರೂ ಇದೇ ಲೆಕ್ಕ ಇಟ್ಟುಕೊಳ್ಳೋದು ಕ್ಷೇಮ. ಆ ರಾತ್ರಿ ಕರಾವಳಿಯಲ್ಲೇ ಉಳಿಯಿರಿ. ಅಸ್ತಮಾ, ಹೃದಯದ ತೊಂದರೆ ಇದ್ದವರು ಮೊದಲೇ ವೈದ್ಯರನ್ನು ಕೇಳಿ.

ನಮ್ಮ ಕೆರೆ, ಕ್ವಾರಿ ಹೊಂಡಗಳಲ್ಲಿ?

ಕೈಬಿಟ್ಟ ಕಲ್ಲು ಕ್ವಾರಿಗಳಲ್ಲಿ ದಡದಿಂದಲೇ ಆಳ. ಕಾಲಿಡೋಕೆ ಮೆಟ್ಟಿಲಿಲ್ಲ, ಒಳಗಿನ ಬಂಡೆ ಕಾಣಲ್ಲ. ಈಜು ಬಂದರೂ ಇಳಿಯಬೇಡಿ. ಯಾರಾದರೂ ಮುಳುಗುತ್ತಿದ್ದರೆ ಹಿಂದೆಯೇ ಹಾರಬೇಡಿ. ಗಾಬರಿಯಲ್ಲಿ ಅವರು ಅಪ್ಪಿಕೊಂಡರೆ ಇಬ್ಬರೂ ಮುಳುಗ್ತೀರಿ. ದಡದಿಂದಲೇ ಹಗ್ಗ, ಟ್ಯೂಬ್ ಅಥವಾ ಮುಚ್ಚಳ ಬಿಗಿಸಿದ ಖಾಲಿ ಕ್ಯಾನ್ ಎಸೆಯಿರಿ, ತಕ್ಷಣ 112ಕ್ಕೆ ಕರೆ ಮಾಡಿ. ಕೆರೆ ಪಕ್ಕದ ಅಂಗಡಿಯವರು ಒಂದು ಉದ್ದನೆಯ ಹಗ್ಗ ಮತ್ತು ಖಾಲಿ ಕ್ಯಾನ್ ಕೈಗೆ ಸಿಗುವಲ್ಲಿ ನೇತುಹಾಕಿಟ್ಟರೆ ಒಂದು ಜೀವ ಉಳಿಯಬಹುದು.