ವೈಜ್ಞಾನಿಕ ರೂಪದ ಸಂಖ್ಯೆಗಳ ಗುಣಾಕಾರ, ಭಾಗಾಕಾರ

1ಕ್ಕೆ ಕಡಿಮೆಯಿಲ್ಲದ, 10ನ್ನು ಮುಟ್ಟದ ಗುಣಕ ಹಾಗೂ ಹತ್ತರ ಘಾತ ಇವೆರಡರ ಗುಣಲಬ್ಧವಾಗಿ ಬರೆದ ಸಂಖ್ಯೆಗಳ ಲೆಕ್ಕ ಇದು. ಗುಣಿಸುವಾಗ ಗುಣಕಗಳನ್ನು ಗುಣಿಸಿ ಘಾತಾಂಕಗಳನ್ನು ಕೂಡಬೇಕು; ಭಾಗಿಸುವಾಗ ಗುಣಕಗಳನ್ನು ಭಾಗಿಸಿ ಘಾತಾಂಕಗಳನ್ನು ಕಳೆಯಬೇಕು.

ಭದ್ರಾವತಿಗೆ ಸಮೀಪದ ಲಕ್ಕವಳ್ಳಿಯಲ್ಲಿರುವ ಭದ್ರಾ ಜಲಾಶಯದ ಸಾಮರ್ಥ್ಯ ಸುಮಾರು 71.5 ಟಿಎಂಸಿ (ಸಾವಿರ ಮಿಲಿಯನ್ ಘನ ಅಡಿ), ಅಂದರೆ 7.15×10¹⁰ ಘನ ಅಡಿ. ಒಂದು ಘನ ಅಡಿ ಎಂದರೆ ಸುಮಾರು 2.83×10⁻² ಘನ ಮೀಟರ್. ಗುಣಿಸಿದರೆ 20.2×10⁸, ಗುಣಕ ಹತ್ತನ್ನು ಮೀರಿದ್ದರಿಂದ 2.02×10⁹ ಘನ ಮೀಟರ್ ಎಂದು ತಿದ್ದಬೇಕು. ಮಕ್ಕಳು ಎಡವುವುದು ಸಾಮಾನ್ಯವಾಗಿ ಇಲ್ಲೇ.

ಮಳೆಗಾಲದಲ್ಲಿ ಪತ್ರಿಕೆಗಳು ಒಳಹರಿವನ್ನು ಸೆಕೆಂಡಿಗೆ ಎಷ್ಟು ಘನ ಅಡಿ ಎಂದು ಹೇಳುವ ಕ್ಯುಸೆಕ್‌ನಲ್ಲಿ, ಸಂಗ್ರಹವನ್ನು ಟಿಎಂಸಿಯಲ್ಲಿ ಕೊಡುತ್ತವೆ. ಎರಡನ್ನೂ ಬೆಸೆಯುವುದು ಭಾಗಾಕಾರ: ಒಂದು ಟಿಎಂಸಿಯ 1×10⁹ ಘನ ಅಡಿಯನ್ನು ದಿನದ 8.64×10⁴ ಸೆಕೆಂಡಿನಿಂದ ಭಾಗಿಸಿದರೆ 0.1157×10⁵, ಸರಿಪಡಿಸಿದರೆ 1.157×10⁴. ಸುಮಾರು 11,570 ಕ್ಯುಸೆಕ್ ದಿನವಿಡೀ ಹರಿದು ಬಂದರೆ ಜಲಾಶಯಕ್ಕೆ ಒಂದು ಟಿಎಂಸಿ ಸೇರುತ್ತದೆ.